ಮತ್ತೆ ಹಳೆಯ ಕಸುಬಿಗೆ

ಬೋರಾಬಜಾರಿನ ರಾತ್ರಿಶಾಲೆಯಲ್ಲಿ ಬೆಂಚುಗಳು
ಹಗಲಿನ ಮಕ್ಕಳ ಅಳತೆಯವು.
ಮೊಣಕಾಲು ಎದೆಗೊತ್ತಿ ಕೂರುತ್ತಿದ್ದೆವು,
ವಾಷಿಂಗ್ ಸೋಡಾ ತಿಂದ ಬೆರಳು,
ಅಂಗಿಯ ತುಂಬ ಇಂಗಿನ ವಾಸನೆ.
ಎಂಟೂವರೆಗೆ ಹಾಜರಿ, ಒಂಬತ್ತಕ್ಕೆ ನಿದ್ದೆ.

ನಿದ್ದೆಗೆ ಮದ್ದೆಂದು ಬೈಕಾಡಿ ಮಾಸ್ತರು
ಒಂದು ದಪ್ಪ ಪುಸ್ತಕ ತರುತ್ತಿದ್ದರು.
ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಹನ್ನೊಂದು ರೂಪಾಯಿ,
ಚೌಕಾಸಿ ಮಾಡಿ ಏಳು.
ಅಮೆರಿಕದ ಸಂಸತ್ತಿನಲ್ಲಿ ಕೂತೆದ್ದವರ ಜಾತಕ:
ತಲೆಗೊಂದು ಪ್ಯಾರಾ, ಇರುವೆಸಾಲಿನ ಅಕ್ಷರ,
ಹುಳ ತಿಂದಲ್ಲಿ ಒಂದೆರಡು ರಾಜ್ಯ ನಾಪತ್ತೆ.

ಹಗಲು ಅವರು ಬಲ್ಲಾರ್ಡ್ ಪಿಯರಿನ ಹಡಗು ಕಂಪನಿಯಲ್ಲಿ
ಸರಕುಪಟ್ಟಿ ಬರೆವ ಗುಮಾಸ್ತ.
ಬದುಕನ್ನೂ ಸರಕುಪಟ್ಟಿಯಂತೆಯೇ ಓದುತ್ತಿದ್ದರು:
"ಒಹಾಯೊ. ತಂದೆ ಕುದುರೆಜೀನು ಹೊಲಿಯುವವ.
ಮೂರನೇ ಇಯತ್ತೆಗೆ ಶಾಲೆ ಬಿಟ್ಟ. ದೋಣಿಯಲ್ಲಿ ಕೂಲಿ.
ರಾತ್ರಿ ಕಾನೂನು ಓದಿದ. ವಕೀಲ. ನ್ಯಾಯಾಧೀಶ. ಸೆನೆಟರ್."
ಕನ್ನಡಕದ ಮೇಲಿನಿಂದ ನೋಡಿ
"ರಾತ್ರಿ ಓದಿದ. ಕೇಳಿಸಿತೇನೋ ಐತ?"

ಐತನಿಗೆ ಕೇಳಿಸಿದ್ದು ಬೇರೆ.
"ಅವ ದೋಣಿ ಬಿಟ್ಟ ಮೇಲೆ
ಹುಟ್ಟು ಹಿಡಿದದ್ದು ಯಾರು ಮಾಸ್ತರೇ?"

ಪುಸ್ತಕದಲ್ಲಿ ಅದು ಇರಲಿಲ್ಲ.

ಕಟುಕನ ಮಗ ಇದ್ದ. ಟೋಪಿ ಮಾರಿದವ,
ಅಚ್ಚುಮೊಳೆ ಜೋಡಿಸಿ ಜೋಡಿಸಿ ಮಾತು ಕಲಿತವ,
ಗಂಡ ಸತ್ತ ವರ್ಷವೇ ಅವನ ಕುರ್ಚಿಗೆ ಆರಿಸಿ ಬಂದವಳು.
ಅವಳ ಮೊದಲಿನ ಕಸುಬಿನ ಜಾಗ ಖಾಲಿ.
ಅಪ್ಪ ಗವರ್ನರು, ಅಜ್ಜ ಸೆನೆಟರು ಎಂದಿದ್ದ ಹಾಳೆಗಳನ್ನು
ಮಾಸ್ತರು ಬೆರಳಿಗೆ ಎಂಜಲು ಹಚ್ಚಿ
ಬೇಗಬೇಗ ಮಗುಚುತ್ತಿದ್ದರು.
ಅಂಥವೇ ಹೆಚ್ಚೆಂದು ನನಗೆ ತಿಳಿದದ್ದು
ಅವರು ನೀರು ಕುಡಿಯಲು ಹೋದಾಗ.

ಒಂದು ರಾತ್ರಿ "ಹತ್ತಿ ತೋಟದ ಧಣಿ" ಎಂಬುವನು ಬಂದ.
"ತೋಟದಲ್ಲಿ ಗೇಯ್ದವರು?" ಐತನೇ ಕೇಳಿದ್ದು.
ಬಹಳ ಹೊತ್ತು ಸೀಮೆಸುಣ್ಣ ತಿರುವುತ್ತಿದ್ದು ಮಾಸ್ತರು
ಇಂಗ್ಲಿಷ್ ಬೇಡವೆನಿಸಿ, ನಮ್ಮೂರ ಪದವನ್ನೇ
ಬೋರ್ಡಿನ ಮೇಲೆ ಬರೆದರು: ಮೂಲದಾಳು.
ಐತ ತಲೆಯೆತ್ತಲಿಲ್ಲ.
ಹೋಟೆಲಿನ ಪುಸ್ತಕದಲ್ಲಿ ಅವನ ಹೆಸರು ಆನಂದ.

ಎಷ್ಟೋ ಪ್ಯಾರಾಗಳ ಕೊನೆಗೆ ಒಂದೇ ಸಾಲು ಇರುತ್ತಿತ್ತು:
ಮುಂದಿನ ಚುನಾವಣೆಯಲ್ಲಿ ಸೋತ;
ಮತ್ತೆ ಹಳೆಯ ಕಸುಬಿಗೆ ಮರಳಿದ.
ಮಾಸ್ತರು ಅದನ್ನು ಮೆಲ್ಲಗೆ ಓದುತ್ತಿದ್ದರು,
ಮನೆಗೆ ತಡವಾಯಿತು ಎನ್ನುವವರ ಹಾಗೆ.

ನಲವತ್ತಾರಕ್ಕೆ ನಾನೂ ನಿಂತೆ,
ಪಕ್ಷೇತರ, ನಮ್ಮದೇ ವಾರ್ಡಿಗೆ, ಗುರುತು ಸೀಲಿಂಗ್ ಫ್ಯಾನು.
ಗಿರಗಾಂವಿನ ಪ್ರೆಸ್ಸಿನವ ಪೆನ್ಸಿಲ್ ಕಿವಿಯಿಂದ ತೆಗೆದು
ಪರಿಚಯ ಹೇಳಿ ಅಂದ.
ಹಿರಿಯಡ್ಕ. ತಂದೆ ಗೇಣಿ. ಟೇಬಲ್ ಒರೆಸಿದ.
ರಾತ್ರಿ ಓದಿದ. ಈಗ ಗಲ್ಲಾ.
ಮರಾಠಿಗೆ ತಿರುಗಿಸಿದಾಗ ಇನ್ನೂ ಗಿಡ್ಡವಾಯಿತು.
ಐತ ಅಂಟು ಕಲಸಿದ, ಪೋಸ್ಟರು ಹಚ್ಚಿದ,
ಪಾರ್ಸಿ ಮುದುಕಿಯಿಂದ ಬೈಸಿಕೊಂಡ.

ಮುನ್ನೂರ ಹನ್ನೆರಡು ಮತ.
ಠೇವಣಿಯೂ ಹೋಯಿತು, ಫ್ಯಾನಿನ ಗಾಳಿಯಂತೆ.

ಮಾರನೆಯ ಬೆಳಗು ನಾಲ್ಕೂವರೆಗೆ ಶಟರ್ ಎತ್ತಿದೆ.
ಹಾಲಿನವ ಕ್ಯಾನು ಇಳಿಸುತ್ತ "ಕಾಯ್ ಝಾಲಾ ಶೇಟ್?"
"ಮತ್ತೆ ಹಳೆಯ ಕಸುಬಿಗೆ" ಅಂದೆ, ಕನ್ನಡದಲ್ಲೇ.
ತಿಳಿಯದಿದ್ದರೂ ಕತ್ತು ಹಾಕಿದ, ಪುಣ್ಯಾತ್ಮ.

ಒಳಗೆ ಬಾಯ್ಲರು ಆಗಲೇ ಉರಿಯುತ್ತಿತ್ತು.
ಮೋರಿಯ ಬಳಿ ಒಬ್ಬ ಹುಡುಗ, ಗೋರಖಪುರದವನಂತೆ,
ನಾನು ಚಾಳುಗಳ ಮೆಟ್ಟಿಲು ಹತ್ತಿಳಿದ
ಇಪ್ಪತ್ತೊಂದು ದಿನವೂ ತಟ್ಟೆ ತೊಳೆದವನು.
ಮತದಾರರ ಪಟ್ಟಿ ಇನ್ನೂ ನನ್ನ ಕಿಸೆಯಲ್ಲೇ ಇತ್ತು.
ಬಿಡಿಸಿ ನೋಡಿದೆ, ಒದ್ದೆ ಕಟ್ಟೆಯ ಮೇಲೆ ಹರಡಿ.
ಅವನ ಹೆಸರು ಅದರಲ್ಲಿರಲಿಲ್ಲ.
ಇದ್ದರೂ, ಹುಡುಕಲು, ನನಗೆ ಅದು ಗೊತ್ತಿರಲಿಲ್ಲ.